ಕಡತ ೦೪೧೭

ಸಂಜೆ ಬೀಗ ಹಾಕುವಾಗ ಪರದೆಯ ಮೇಲೊಂದು ಪ್ರಶ್ನೆ ಇತ್ತು:
ಹೊಸದಾಗಲೇ, ಈಗಲೋ, ಆಮೇಲೋ?
ನಾಪೋಕ್ಲು ಪೇಟೆಯಲ್ಲಿ ಕೊನೆಯ ಬಸ್ಸು ಹಾರನ್ ಹೊಡೆಯುತ್ತಿತ್ತು.
ಆಮೇಲೆ ಅಂತಲೇ ಒತ್ತಿದೆ,
ಒತ್ತಿದೆನೆಂದೇ ನೆನಪು.

ಬೆಳಿಗ್ಗೆ ನೀಲಿ.
ಒಂದು ಸಪ್ಪೆ ಮುಖ, ಕೆಳಗೆ ಇಂಗ್ಲಿಷಿನಲ್ಲಿ ಕ್ಷಮಾಪಣೆ.
ಆಫ್ ಮಾಡಿದೆ, ಆನ್ ಮಾಡಿದೆ, ಬೆನ್ನಿಗೆರಡು ತಟ್ಟಿದೆ,
ಕೊನೆಗೆ ಗೋಡೆಯ ಇಗ್ಗುತ್ತಪ್ಪನಿಗೆ ಊದುಬತ್ತಿ ಹಚ್ಚಿದೆ.
ಹೊಗೆ ಆ ನೀಲಿಯ ಮುಂದೆ ಸುಮ್ಮನೆ ಮೇಲೇರಿತು.

ಹತ್ತೊಂಬತ್ತು ವರ್ಷದ ಜೇನು ಅದರೊಳಗಿತ್ತು.
ಯಾರ ಪೆಟ್ಟಿಗೆ ಎಷ್ಟು, ಯಾವ ಕುಟುಂಬ ಪಾಲಾಯಿತು,
ಯಾರ ರಾಣಿ ಸತ್ತಳು, ಯಾರದಕ್ಕೆ ಕಣಜ ಬಿತ್ತು,
ಆನೆ ಉರುಳಿಸಿದ್ದೆಷ್ಟು.
ಕಕ್ಕಬ್ಬೆಯ ಕುಡಿಯರ ಬೊಳ್ಳು ಹೆಗಲ ಮೇಲೆ ತಂದ ಆರೂವರೆ ಕಿಲೋ,
ಮುಂಗಡ ಇನ್ನೂರು, ಸಹಿಯ ಜಾಗದಲ್ಲಿ ಹೆಬ್ಬೆಟ್ಟು.
ಗೆದ್ದಲು ಹಿಡಿದ ಲೆಡ್ಜರುಗಳನ್ನು
ಇನ್ನೇಕೆ ಎಂದು ಒಲೆಗೆ ಹಾಕಿಸಿದ್ದು ನಾನೇ.

ಸಿಪಿಯುವನ್ನು ಹಳೆ ಸೀರೆಯಲ್ಲಿ ಸುತ್ತಿ
ಮಡಿಲಲ್ಲಿಟ್ಟುಕೊಂಡು ವಿರಾಜಪೇಟೆ ಬಸ್ಸು ಹತ್ತಿದೆ.
ಪಕ್ಕದವಳು ಸರಿದು ಜಾಗ ಕೊಟ್ಟಳು, ಬಾಣಂತಿಗೆ ಕೊಟ್ಟ ಹಾಗೆ.
"ಎಂತ ಆಚಿ?" ಅಂದಳು.
ಎಲ್ಲ ಮರೆತುಹೋಗಿದೆ ಅಂದೆ.
ಯಾರಿಗೆ ಅಂತ ಅವಳು ಕೇಳಲಿಲ್ಲ.

ಸಫ್ವಾನನ ಅಂಗಡಿ ಕೋಳಿ ಅಂಗಡಿಯ ಮೇಲೆ.
ಕೆಳಗೆ ಕತ್ತಿಯ ಸದ್ದು, ಮೇಲೆ ಅವನ ಸ್ಕ್ರೂಡ್ರೈವರ್.
ಡಿಸ್ಕನ್ನು ಬಿಚ್ಚಿ, ತನ್ನ ಯಂತ್ರಕ್ಕೆ ಸಿಕ್ಕಿಸಿ,
ಬಾಗಿ ಕಿವಿಯಿಟ್ಟು ಕೇಳಿದ,
ನಾವು ಸಂಜೆ ಪೆಟ್ಟಿಗೆಗೆ ಕಿವಿಯಿಡುವ ಹಾಗೆಯೇ.
"ಅಕ್ಕಾ, ಒಳಗೇನೂ ಹೋಗಿಲ್ಲ.
ಯಾವುದು ಎಲ್ಲಿದೆ ಅನ್ನುವ ಪಟ್ಟಿ ಮಾತ್ರ ಹೋಗಿದೆ."

ಎರಡು ಹಗಲು, ಒಂದು ರಾತ್ರಿ.
ಬಂದವು, ಹೆಸರು ಕಳಚಿಕೊಂಡು ಬಂದವು.
೦೦೦೧, ೦೦೦೨, ಹೀಗೆ ಆರುನೂರು ಚಿಲ್ಲರೆ.
ಒಂದೊಂದನ್ನೇ ತೆರೆದು ಇದು ಯಾರದೆಂದು ಗುರುತು ಹಿಡಿಯಬೇಕು.
ಫೋನು ಮಾಡಿದೆ, ಮನೆ ಮನೆಗೂ.
ಅಯ್ಯಂಗೇರಿಯ ಪೊನ್ನಪ್ಪ ಹದಿನಾಲ್ಕು ಕಿಲೋವನ್ನು ನಲವತ್ತೊಂದು ಅಂದರು.
ಹಿಂದಿನಿಂದ ಅವರ ಹೆಂಡತಿ, ಹದಿನಾಲ್ಕೇ, ಅಂದರು.
ಬೊಳ್ಳುವಿನ ಮೊಮ್ಮಗ, ತಾತ ಈಗಿಲ್ಲ,
ಆದರೂ ಎಷ್ಟಿತ್ತು ಹೇಳಿ, ಕೇಳುತ್ತೇನೆ, ಅಂದ.

ಆ ನಡುವೆ ೦೪೧೭.
ಅಧ್ಯಕ್ಷರಿಗೆ ನಾನೇ ಬರೆದ ಪತ್ರ, ಹನ್ನೊಂದು ವರ್ಷದ ಹಿಂದಿನದು.
ಕಳಿಸಿರಲಿಲ್ಲ.
ಅಂದೇ ಅಳಿಸಿ, ಕಸದಬುಟ್ಟಿಯಿಂದಲೂ ಅಳಿಸಿ,
ನಿಜವಾಗಿಯೂ ಅಳಿಸಲೇ ಎಂದು ಅದು ಮತ್ತೆ ಕೇಳಿದಾಗ
ಹೌದು ಅಂದಿದ್ದೆ.
'ಮಂದಣ್ಣನವರ ನಾಲ್ಕನೇ ಡಬ್ಬಿಯಲ್ಲಿ ಬೆಲ್ಲದ ಪಾಕವಿದೆ.
ನನ್ನ ನಾಲಿಗೆಯಲ್ಲದೆ ಬೇರೆ ಸಾಕ್ಷಿ ಇಲ್ಲ.'

ಆ ವರ್ಷ ಅವರ ಮೂವತ್ತು ಪೆಟ್ಟಿಗೆಯ ಮರಿಹುಳಗಳು
ಏರಿಯೊಳಗೇ ನೀರಿನ ಚೀಲಗಳಾಗಿ ಸತ್ತಿದ್ದವು.
ಮಗಳ ನರ್ಸಿಂಗ್ ಫೀಸಿಗೆ ಮೂರೇ ದಿನ ಉಳಿದಿತ್ತು.
ಅದನ್ನು ಅವರು ಹೇಳಲಿಲ್ಲ,
ಡಬ್ಬಿ ಇಳಿಸುತ್ತ ಮಗಳು ಹೇಳಿದಳು.
ದುಡ್ಡು ಕೊಟ್ಟೆ. ಪುಸ್ತಕದಲ್ಲಿ 'ಸೋರಿಕೆ' ಎಂದು ಬರೆದೆ.
ಕತ್ತಲಾದ ಮೇಲೆ ಹಿತ್ತಲಲ್ಲಿ ಸುರಿದೆ.
ನಾಲ್ಕು ದಿನ ಆ ಜಾಗದಲ್ಲಿ ಇರುವೆ.

ಅಳಿಸಿದ್ದೂ ಬಂದಿದೆಯಲ್ಲ ಸಫ್ವಾನ್?
"ಅದಕ್ಕೆ ಗೊತ್ತಾಗಲ್ಲ ಅಕ್ಕಾ,
ಕಳಕೊಂಡದ್ದು ಯಾವುದು, ಬಿಸಾಕಿದ್ದು ಯಾವುದು."
ದುಡ್ಡು ಮಾತ್ರ ಎರಡಕ್ಕೂ ತಗೊಂಡ.

ಇವತ್ತು ಮಂದಣ್ಣ ಬಂದರು, ಎರಡು ಡಬ್ಬಿ,
ಒಂದು ಮೊಣಕಾಲಿಗೆ ಪಟ್ಟಿ.
"ನನ್ನ ಲೆಕ್ಕ ಸಿಕ್ಕಿತಾ?"
ಸಿಕ್ಕಿತು.
"ಎಲ್ಲಾ?"
ಮುಚ್ಚಳ ತೆಗೆದು ಬೆರಳದ್ದಿ ನಾಲಿಗೆಗಿಟ್ಟುಕೊಂಡೆ.
ಕಾಫಿ ಹೂವಿನದು. ಕೊನೆಯಲ್ಲೊಂದು ಸಣ್ಣ ಒಗರು.
ಹನ್ನೆರಡು ಕಿಲೋ ಮುನ್ನೂರು,
ಈ ಸಲ ಕಾಗದದ ಮೇಲೂ ಬರೆದೆ.

ಅವರು ಹೊರಟವರು ಬಾಗಿಲಲ್ಲಿ ನಿಂತು
ರಸ್ತೆಯ ಕಡೆ ನೋಡುತ್ತ ಅಂದರು:
"ಹಳೆಯದೊಂದು ಡಬ್ಬಿ ನಿಮ್ಮಲ್ಲೇ ಉಳಿದಿದೆ,
ಬರೆದಿದೆಯಾ ನೋಡಿ."